ಹಾಳುಬಾವಿಯ ಉರುಳೆ ಸದ್ದು

ರಾತ್ರಿ ಪಾಳಿ ಮುಗಿಸಿ ನಮ್ಮತ್ತಿಗೆ ಹಾಳುಬಾವಿ ಪಕ್ಕ ಹಾದು ಮನೆಗೆ ಬರ್ತಿದ್ದಳು. ಅವತ್ತು ಆದದ್ದು ಇದು. ನಗೋರು ನಗಲಿ.

ಅವಳ ಕೆಲಸ ಆಸ್ಪತ್ರೆ ಹೊದಿಕೆ ಒಗೆಯೋ ಲಾಂಡ್ರಿಯಲ್ಲಿ. ಅಲ್ಲೊಂದು ದೊಡ್ಡ ಇಸ್ತ್ರಿ ಯಂತ್ರ, ಒದ್ದೆ ಬಟ್ಟೆ ನಡುವೆ ತೂರಿಸಿ ಒತ್ತೋ, ಕಾದ ಕೆಂಡದಂಥ ಎರಡು ಉರುಳೆ. ಕೈ ಹತ್ತಿರ ಹೋದರೆ ನಿಲ್ಲಿಸೋಕೆ ಒಂದು ತಡೆಪಟ್ಟಿ ಇತ್ತು. ಅದರಿಂದ ಕೆಲಸ ಸಾಗಲ್ಲ ಅಂತ ಸೂಪರ್‌ವೈಸರ್ ಬಿಚ್ಚಿಸಿಬಿಟ್ಟಿದ್ದ. ಮೇಲಿಂದ ಎರಡೆರಡು ಪಾಳಿ. ಅತ್ತಿಗೆಗೆ ಊಟ ಸೇರ್ತಿರಲಿಲ್ಲ. ನಿದ್ದೆಯಲ್ಲೂ ಕೈಗಳು ಬಟ್ಟೆ ಮಡಿಸ್ತಾನೇ ಇರ್ತಿದ್ವು.

ಪಕ್ಕದಲ್ಲಿ ನಿಲ್ಲೋಳು ಹಾಡಕ್ಕ. ತೂಕಡಿಕೆ ಓಡಿಸೋಕೆ ಸದಾ ಗುನುಗೋಳು. ಒಂದು ದಿನ ಹಾಡು ಅರ್ಧಕ್ಕೇ ನಿಂತಿತು... ಉರುಳೆ ಅವಳ ಕೈಯನ್ನು ಭುಜದವರೆಗೂ ಎಳೆದುಕೊಂಡಿತ್ತು. ಹೆಣ ಸಾಗಿಸಿ, ನೆಲ ತೊಳೆಸಿ, ಸೂಪರ್‌ವೈಸರ್ ಮತ್ತೆ ಯಂತ್ರ ಓಡಿಸಿದ.

ಅದಾಗಿ ತಿಂಗಳೂ ಕಳೆದಿರಲಿಲ್ಲ. ಬಾವಿ ಹತ್ತಿರ ಬಂದಾಗ ಅದೇ ಉರುಳೆ ಸದ್ದು. ಗುರ್ರ್... ಚುಸ್ಸ್... ಒದ್ದೆ ಬಟ್ಟೆ ಕಾದ ಕಬ್ಬಿಣಕ್ಕೆ ತಾಗಿದ ಹಾಗೆ. ಬಾವಿಯೊಳಗಿಂದ.

"ತಂಗೀ... ಪಾಳಿ ಮುಗೀತಾ?" ಹಾಡಕ್ಕನದೇ ದನಿ.

ಅತ್ತಿಗೆ ಬಾವಿ ಕಡೆ ತಿರುಗಿದಳು. "ಮುಗೀತಕ್ಕ."

"ಮನೆಗೆ ಹೋಗು."

ಅಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸದ್ದು, ಪಟಪಟ... ಸೂಪರ್‌ವೈಸರ್.

"ಇನ್ನೊಂದು ಲಾರಿ ಬಟ್ಟೆ ಬಂದಿದೆ. ವಾಪಸ್ ನಡಿ."

"ಕೈ ಏಳ್ತಿಲ್ಲ ಸರ್."

ಅವನು ಜಡೆ ಹಿಡಿದು ಎಳೆದ. ಅತ್ತಿಗೆಯ ಹಣೆ ಬಾವಿಕಟ್ಟೆಗೆ ಬಡಿದು ಒಡೆಯಿತು, ರಕ್ತ ಕಣ್ಣಿಗಿಳಿಯಿತು. ಕೈಗೆ ಸಿಕ್ಕ ಕಲ್ಲೆತ್ತಿ ಅವನ ಮುಖಕ್ಕೆ ಹೊಡೆದಳು. ಹಲ್ಲು ಮುರಿದದ್ದು ಕೇಳಿಸಿತಂತೆ... ಪಟ್. ಅವನು ಹೊಡೆಯೋಕೆ ಬಲಗೈ ಎತ್ತಿದ. ಆ ಕೈ ಅವಳನ್ನು ಮುಟ್ಟಲೇ ಇಲ್ಲ. ಯಾರೋ ಹಿಡಿದು ಬಾವಿಯೊಳಕ್ಕೆ ಜಗ್ಗಿದರು. ಗುರ್ರ್... ಬೆರಳು, ಮಣಿಕಟ್ಟು, ಮೊಣಕೈ... ಮೂಳೆಗಳು ಒಂದೊಂದಾಗಿ ಲಟಕ್ ಲಟಕ್ ಅಂದವು. ಮಾಂಸ ಸುಟ್ಟ ವಾಸನೆ. ಕಟ್ಟೆಗೆ ಎದೆಯಾನಿಸಿ ಅವನು ಕಾಲು ಬಡಿದ, ಅರಚಿದ, ಆಮೇಲೆ ಸುಮ್ಮನಾದ.

ಅತ್ತಿಗೆ ಓಡಿಹೋಗಿ ಕಾವಲುಗಾರನನ್ನು ಕರೆತಂದಳು. ಸೂಪರ್‌ವೈಸರ್ ಬದುಕಿಕೊಂಡ. ತೋಳು ಮಾತ್ರ ರಟ್ಟಿನ ಹಾಗೆ ಚಪ್ಪಟೆಯಾಗಿತ್ತು, ತೆಗೆಯಬೇಕಾಯ್ತು. ಅತ್ತಿಗೆ ಮತ್ತೆ ಆ ಲಾಂಡ್ರಿಗೆ ಕಾಲಿಡಲಿಲ್ಲ.

ಕಟ್ಟುಕತೆ ಅಂತೀರಾ? ಅವನ ಅಂಗಿ ಕತ್ತರಿಸಿದ ನರ್ಸ್ ನಮ್ಮ ಪಕ್ಕದ ಮನೆಯವಳೇ, ಬೇಕಾದ್ರೆ ಕೇಳಿ. ಒಳಗೆ ತೋಳು ಅಷ್ಟು ಜಜ್ಜಿಹೋಗಿದ್ದರೂ ಅದರ ಮೇಲಿನ ಬಟ್ಟೆಯಲ್ಲಿ ಒಂದು ಹನಿ ರಕ್ತ ಇರಲಿಲ್ಲ. ಒಂದು ಸುಕ್ಕೂ ಇರಲಿಲ್ಲ.