ಗಾಬರಿಪಡುವ ಕಾರಣವಿಲ್ಲ

ಸಭೆಯ ಅಧ್ಯಕ್ಷರಾದ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯರೇ, ಮೂವತ್ತೊಂದು ವರ್ಷ ನನ್ನ ಕೈಬರಹವನ್ನು ಸಹಿಸಿಕೊಂಡ ಬೆರಳಚ್ಚು ವಿಭಾಗದ ಅಮ್ಮಂದಿರೇ, ಮತ್ತು ಊಟದ ಹೊತ್ತಿಗೆ ನಾನು ಮುಗಿಸುತ್ತೇನೆಂದು ನಂಬಿ ಕುಳಿತಿರುವ ಸಭಿಕರೇ,

ನನ್ನ ನಿವೃತ್ತಿಗೆಂದು ಕೊಟ್ಟ ಈ ಫಲಕದ ಮೇಲೆ 'ಸಾರ್ವಜನಿಕ ಶಾಂತಿಯನ್ನು ಕಾಪಾಡಿದವರು' ಎಂದು ಕೆತ್ತಿಸಿದ್ದೀರಿ. ಬಹಳ ಸಂತೋಷ. ಯಾವ ಶಾಂತಿ? ಹನ್ನೊಂದು ವರ್ಷದ ಹಿಂದೆ, ಸತ್ತವರು ಎದ್ದು ನಡೆದ ಆ ವಾರದ ಶಾಂತಿಯೇ? ಹಾಗಿದ್ದರೆ ಅದನ್ನು ಕಾಪಾಡಿದ್ದು ಹೇಗೆಂದು ಹೇಳಿಯೇ ಹೋಗಬೇಕು.

ನಮ್ಮ ಪ್ರಕಟಣಾ ವಿಭಾಗದ ಕೆಲಸದ ರೀತಿ ಹೊಸಬರಿಗೆ ಗೊತ್ತಿರಲಿ. ನಾವು ಯಾವುದನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಕಡತ ತೆಗೆದು, ದಿನಾಂಕ ಬದಲಿಸಿ, ಕಾಯಿಲೆಯ ಹೆಸರು ಬದಲಿಸಿ, ಕೊನೆಗೆ 'ಗಾಬರಿಪಡುವ ಕಾರಣವಿಲ್ಲ' ಎಂದು ಸೇರಿಸುತ್ತೇವೆ. ಒಮ್ಮೆ ನೀರಿನ ಕೊಳವೆ ಒಡೆದಾಗ 'ಆಗಾಗ ಕೈ ತೊಳೆಯುತ್ತಿರಿ' ಎಂಬ ಪ್ರಕಟಣೆ ಹೊರಟಿತ್ತು. ಊರಲ್ಲಿ ನೀರೇ ಇರಲಿಲ್ಲ!

ಆ ಸೋಮವಾರ ಆಸ್ಪತ್ರೆಯ ವರದಿ ನನ್ನ ಮೇಜಿಗೆ ಬಂತು. ಶವಾಗಾರದಿಂದ ಏಳು ಜನ ನಡೆದು ಹೊರಬಂದಿದ್ದರು. ಕಾವಲುಗಾರನನ್ನು ಕಚ್ಚಿದ್ದರು. ಅವನೂ ಸತ್ತು, ಅವನೂ ಎದ್ದಿದ್ದ. ಮೇಲಧಿಕಾರಿಗಳು ಹೇಳಿದರು, "ಜ್ವರ ಅಂತ ಬರೀರಿ. ಜನ ಬೀದಿಗೆ ಬಂದ್ರೆ ಯಾರ್ರೀ ಹಿಡಿಯೋದು?" ಜ್ವರದ ಹಳೆಯ ಕಡತ ತೆಗೆದೆ. ಅದರ ಮೂರನೆಯ ಸಾಲು: 'ಜ್ವರ ಬಂದವರನ್ನು ಮನೆಯಲ್ಲೇ ಇರಿಸಿಕೊಂಡು ಮನೆಯವರೇ ಆರೈಕೆ ಮಾಡತಕ್ಕದ್ದು.' ಓದಿದೆನೇ? ಓದಿದೆ. ಹೊಡೆದುಹಾಕಿದೆನೇ? ಇಲ್ಲ. ಅನುಮೋದನೆಯಾದ ಸಾಲನ್ನು ತೆಗೆಯಲು ಮತ್ತೊಂದು ಅನುಮೋದನೆ ಬೇಕಿತ್ತು.

ಸಹಿ ಹಾಕಿದವನು ನೇರವಾಗಿ ಮೆಟ್ಟಿಲ ಕೆಳಗಿನ ಫೋನಿಗೆ ಹೋದೆ. "ಮಕ್ಕಳನ್ನ ಕರ್ಕೊಂಡು ಈಗಲೇ ಊರು ಬಿಡು. ಯಾರಿಗೂ ಹೇಳ್ಬೇಡ" ಎಂದೆ. ನನ್ನ ಹೆಂಡತಿ ಪಕ್ಕದ ಮನೆಯಾಕೆಗೆ ಮಾತ್ರ ಹೇಳಿದಳು. ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂಬತ್ತು ಜನ ಕಾಲ್ತುಳಿತದಲ್ಲಿ ಸತ್ತರು. ವದಂತಿ ಹಬ್ಬಿಸಿದವರ ಮೇಲೆ ಕಠಿಣ ಕ್ರಮ ಎಂಬ ಮರುದಿನದ ಪ್ರಕಟಣೆಯನ್ನೂ ನಾನೇ ಸಿದ್ಧಪಡಿಸಿದೆ.

ಅಕ್ಕನಿಗೆ ಫೋನ್ ಮಾಡಲಿಲ್ಲ. ನನ್ನನ್ನು ಎತ್ತಿ ಆಡಿಸಿ ಓದಿಸಿದ ಅಕ್ಕ. ಅವಳಿಗೆ ಒಂದು ಮಾತು ಹೇಳಿದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ ಎಂದು ಸುಮ್ಮನಾದೆ. ಮಂಗಳವಾರ ಅವಳೇ ಮಾಡಿದಳು. "ನಿಮ್ಮ ಭಾವನ ಕೈಗೆ ಯಾರೋ ಕಚ್ಚಿದಾರೆ ಕಣೋ, ಮೈ ಸುಡ್ತಿದೆ. ಜನ ಏನೇನೋ ಅಂತಾರೆ. ಪೇಪರ್‌ನಲ್ಲಿ ಬಂದಿರೋದು ನೀನೇ ಬರ್ದಿದ್ದು ತಾನೇ? ಮನೇಲೇ ನೋಡ್ಕೊಂಡ್ರೆ ಸಾಕಾ?" ನನ್ನ ಎದುರು ಮೇಲಧಿಕಾರಿಗಳು ಕುಳಿತಿದ್ದರು. "ಪೇಪರ್‌ನಲ್ಲಿ ಇರೋದೇ ಸರಿ ಅಕ್ಕ" ಎಂದೆ.

ಶುಕ್ರವಾರ ಸೈನಿಕರು ಆ ಮನೆಯ ಬಾಗಿಲು ಮುರಿದರು. ಒಳಗೆ ಇಬ್ಬರೂ ನಡೆದಾಡುತ್ತಿದ್ದರಂತೆ. ನನ್ನ ಕೈಗೆ ಬಂದದ್ದು ಗೋಡೆಗೆ ಅಂಟಿಸಿದ್ದ ಪೇಪರ್ ತುಂಡೊಂದೇ. ಇಗೋ, ಜೇಬಿನಲ್ಲಿದೆ. ಮೂರನೆಯ ಸಾಲಿನ ಕೆಳಗೆ ಅಕ್ಕ ಪೆನ್ಸಿಲ್ ಗೆರೆ ಎಳೆದಿದ್ದಾಳೆ. ಇದನ್ನು ನೋಡಿದಾಗಲೆಲ್ಲ ದುಃಖಕ್ಕಿಂತ ಮೊದಲು ನನಗೆ ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಹೇಳುವ ಯೋಚನೆ ಇರಲಿಲ್ಲ. ಆದರೆ ಇಂದು ಬೆಳಿಗ್ಗೆ ನನ್ನ ಕೊನೆಯ ಸಹಿಗೆಂದು ಒಂದು ಕಡತ ಬಂತು. ಅದೇ ಆಸ್ಪತ್ರೆ, ಅದೇ ಶವಾಗಾರ, ಈ ಸಲ ಇಬ್ಬರು. ಜೊತೆಗೆ ಅದೇ ಜ್ವರದ ಪ್ರಕಟಣೆ, ಮೂರನೆಯ ಸಾಲಿನ ಸಮೇತ. ನಾನು ಸಹಿ ಹಾಕಿಲ್ಲ. ನಿರ್ದೇಶಕರೇ, ದಯವಿಟ್ಟು ಮೈಕ್ ಬಿಡಿ, ಇನ್ನೆರಡೇ ಮಾತು.

ಸಭಿಕರೇ, ಕಚ್ಚಿಸಿಕೊಂಡವರು ಮನೆಯಲ್ಲಿದ್ದರೆ ಅವರ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ನೀವು ಹೊರಗೆ ಬನ್ನಿ. ಹಿಂದಿನ ಸಾಲಿನವರು ಆಗಲೇ ಎದ್ದಿದ್ದೀರಿ. ಸರಿ, ಹೊರಡಿ, ಆದರೆ ನೂಕಬೇಡಿ. ಮೂರು ಬಾಗಿಲುಗಳಿವೆ. ಎಡಗಡೆಯದನ್ನು ತಳ್ಳಬೇಡಿ, ಎಳೆಯಿರಿ. ವಯಸ್ಸಾದವರನ್ನು ಮುಂದೆ ಬಿಡಿ. ಹೊರಗೆ ಹೋದ ಮೇಲೆ ನಿಮ್ಮವರಿಗೆಲ್ಲ ಫೋನ್ ಮಾಡಿ. ಬಾಯಿ ದೊಡ್ಡದೆಂದು ಅಕ್ಕನನ್ನು ಬಿಡಬೇಡಿ. ಅವಳಿಗೇ ಮೊದಲು ಮಾಡಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದಗಳು. ಫಲಕವನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ. ನಮಸ್ಕಾರ.