ಆಕ್ಷೇಪ ಇದ್ದವರು ಈಗಲೇ ಹೇಳಿ

ನಮ್ಮೂರು ವಿನ್ಸ್‌ಕಾಟ್‌ನಲ್ಲಿ ಮಳೆ ಹಿಡಿದರೆ ಸಮುದ್ರವೇ ಎದ್ದು ಬಂದು ಬಾಗಿಲು ತಟ್ಟಿದಂತಿರುತ್ತದೆ. ಆ ಸಂಜೆಯೂ ಹಾಗೆಯೇ ತಟ್ಟುತ್ತಿತ್ತು. ನಾವು ನೆರೆಹೊರೆಯವರೆಲ್ಲ ಸೇರಿ ಕ್ರೋವೆಲ್ ಅಜ್ಜನ ಕಣಜದ ಕೊಟ್ಟಿಗೆಯಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದೆವು. ಕೆಂಪು ತೆನೆ ಸಿಕ್ಕ ಗಂಡು ತನಗಿಷ್ಟವಾದವಳಿಗೆ ಒಂದು ಮುತ್ತು ಕೊಡಬಹುದೆಂಬುದು ನಮ್ಮಲ್ಲಿ ರೂಢಿ. ಪಾದ್ರಿಗಳಿಗೆ ಗೊತ್ತಿಲ್ಲವೆಂದು ನಾವು ನಟಿಸುತ್ತೇವೆ, ಗೊತ್ತಿಲ್ಲವೆಂದು ಅವರೂ ನಟಿಸುತ್ತಾರೆ. ಸೆತ್ ಬೇಕರ್‌ಗೆ ಮಾತ್ರ ಎಷ್ಟು ಸುಲಿದರೂ ಕೆಂಪು ತೆನೆ ಸಿಗಲಿಲ್ಲ. ಒಂದು ಬಿಳಿ ತೆನೆಯನ್ನು ದೀಪಕ್ಕೆ ಹಿಡಿದು, "ನೋಡಿ, ನಾಚ್ಕೊಂಡು ಕೆಂಪಗಾಗ್ತಿದೆ" ಎಂದ.

"ನಿನ್ನ ಮುಖ ನೋಡಿ ಇನ್ನೂ ಬಿಳಿಚಿಕೊಳ್ತಿದೆ, ಸರಿಯಾಗಿ ನೋಡು" ಎಂದಳು ಟ್ಯಾಮ್ಸಿನ್.

ಟ್ಯಾಮ್ಸಿನ್ ವಸಂತದಲ್ಲಿ ಪಕ್ಕದೂರಿನಿಂದ ಮದುವೆಯಾಗಿ ಬಂದವಳು. ಬೇಸಿಗೆಯಲ್ಲಿ ಎಲ್ಲರೆದುರು ಸಾಕ್ಷಿ ಹೇಳಿ ನಮ್ಮ ಪ್ರಾರ್ಥನಾ ಮಂದಿರದ ಸಭೆಗೂ ಸೇರಿಕೊಂಡಳು. ನಮ್ಮಲ್ಲಿ ಸುಮ್ಮನೆ ಬಂದು ಪಾದ್ರಿಗಳ ಪ್ರಸಂಗ ಕೇಳಿದವರೆಲ್ಲ ಸಭೆಯವರಾಗುವುದಿಲ್ಲ. ದೇವರ ಕೃಪೆ ತನ್ನ ಎದೆಯೊಳಗೆ ಹೇಗೆ ಬಂತೆಂದು ಎದ್ದು ನಿಂತು ಹೇಳಬೇಕು. ಕೊನೆಗೆ ಪಾದ್ರಿಗಳು ಆಕ್ಷೇಪವಿದ್ದವರು ಈಗಲೇ ಹೇಳಿ ಎನ್ನುತ್ತಾರೆ. ಯಾರೂ ಮಾತಾಡದಿದ್ದರೆ ಸಭೆ ಒಪ್ಪಿದಂತೆ.

ಆ ಮಾತೇ ಆಗ ಟ್ಯಾಮ್ಸಿನ್‌ಳ ಬಾಯಿಗೆ ಬಂತು. ತನ್ನ ತವರಿನಲ್ಲಿ ಪಾದ್ರಿಗಳು ಹಾಗೆ ಕೇಳಿ ಒಂದು ಸಲ ಕೆಮ್ಮುವಷ್ಟು ಹೊತ್ತು ಕಾಯುತ್ತಾರಂತೆ, ಅಷ್ಟೇ. ಇಲ್ಲಿ ಕಾದಿದ್ದೇ ಕಾದಿದ್ದಂತೆ.

"ಅಜ್ಜ, ಇಲ್ಲಿ ಪಾದ್ರಿಗಳು ಅಷ್ಟು ಹೊತ್ತು ಯಾಕೆ ಕಾಯ್ತಾರೆ?"

ಅಜ್ಜ ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕಲಿಲ್ಲ. ಪ್ರಾಯದಲ್ಲಿ ಅವನು ಮಂದಿರದಲ್ಲಿ ಕೋಲು ಹಿಡಿದವನು. ಪ್ರಸಂಗದ ನಡುವೆ ತೂಕಡಿಸುವ ಗಂಡಸರ ತಲೆಗೆ ಕೋಲಿನ ಗಂಟಿನಿಂದ ಕುಟ್ಟುವುದು, ತೂಕಡಿಸುವ ಹೆಂಗಸರ ಮೂಗಿಗೆ ಇನ್ನೊಂದು ತುದಿಯ ನರಿಬಾಲ ಸವರುವುದು ಅವನ ಕೆಲಸ. ಊರಿನ ಹಿರಿಯರೆಲ್ಲರ ಗೊರಕೆಯನ್ನು ಅವನು ಬೇರೆಬೇರೆಯಾಗಿ ಅನುಕರಿಸಬಲ್ಲ. ಆ ಸಂಜೆ ಗೊರಕೆ ಹೊರಡಲಿಲ್ಲ. ದೀಪ ಸಣ್ಣ ಮಾಡಿ, ನಮ್ಮನ್ನೆಲ್ಲ ಹತ್ತಿರ ಕರೆದ.

"ಗೂಚ್ ಪಾದ್ರಿಗಳ ಕಾಲ ಅದು. ನೀವ್ಯಾರೂ ಅವರನ್ನ ನೋಡಿಲ್ಲ… ಅವರ ಪ್ರಸಂಗಕ್ಕೆ ಗಂಟೆ ಲೆಕ್ಕ ಇರ್ಲಿಲ್ಲ ಕಣ್ರೋ, ಗಂಟಲು ಲೆಕ್ಕ. ಮರಳು ಗಡಿಯಾರ ಖಾಲಿಯಾದ್ರೆ ಮತ್ತೆ ತಿರುಗಿಸೋರು. ಮರಳು ಇಳೀತಾ ಇಳೀತಾ ನಮಗೆ ಮರುಳು ಹತ್ತೋದು. ದನಿ ಪೂರಾ ಮೂಗಿಂದು." ಅಜ್ಜ ಮೂಗು ಹಿಡಿದು, "ಪಿಇಇ-ರಿಯರೇ" ಎಂದು ಎಳೆದ. ನಕ್ಕೆವು. ಅವನು ನಗಲಿಲ್ಲ.

"ಆಗ ಡಾರ್ಕಸ್ ಅಂತ ಒಬ್ಬಳಿದ್ಲು. ಪೀಪಾಯಿ ಕಟ್ಟೋ ರೂಬೆನ್ ಹಾಲೆಟ್‌ನ ಹೆಂಡ್ತಿ. ರೂಬೆನ್ ಸಭೆಗೆ ಸೇರಿದವನಲ್ಲ. ಯಾಕಯ್ಯಾ ಅಂದ್ರೆ, ನೀವೆಲ್ಲ ದೇವರಿಗೋಸ್ಕರ ಸಮುದ್ರ ದಾಟಿದ್ರಿ, ನಾನು ಒಳ್ಳೆ ಓಕ್ ಮರಕ್ಕೋಸ್ಕರ ದಾಟ್ದೆ ಅನ್ನೋನು. ಅಂಥವನ ಮಗುವಿಗೆ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡ್ತಾರಾ? ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದ್ರೂ ಸಭೆಯವರಾಗಿರ್ಬೇಕು. ಅವರ ಮೊದಲ್ನೇ ಮಗು ಹಾಗೇ ಹೋಯ್ತು… ನೀರು ತಾಗದೆ, ಮಂದಿರದಲ್ಲಿ ಒಂದ್ಸಲಾನೂ ಯಾರೂ ಅದರ ಹೆಸರು ಕರೀದೆ. ಎರಡನೇದು ಹೊಟ್ಟೇಲಿದ್ದಾಗ ಡಾರ್ಕಸ್ ಗಟ್ಟಿ ಮನಸ್ಸು ಮಾಡಿದ್ಲು. ಇದನ್ನ ಹಾಗೆ ಹೋಗೋಕೆ ಬಿಡಲ್ಲ, ನಾನೇ ಸಾಕ್ಷಿ ಹೇಳಿ ಸೇರ್ತೀನಿ ಅಂತ.

"ಸಾಕ್ಷಿ ಹೇಗಿರ್ಬೇಕು ಅಂತ ನಮಗೆಲ್ಲ ಬಾಯಿಪಾಠ ಅಲ್ವಾ? ಮೊದಲು ಪಾಪ, ಆಮೇಲೆ ಭಯ, ಆಮೇಲೆ ಒಂದಿಷ್ಟು ಅಳು, ಕೊನೆಗೆ ದೇವರು ಮಾಡಿದ್ದೆಲ್ಲ ಸರಿ ಅಂತ ಶರಣು. ಡಾರ್ಕಸ್ ಚೆನ್ನಾಗೇ ಶುರು ಮಾಡಿದ್ಲು. ಹೆಂಗಸರು ಕಣ್ಣೊರೆಸ್ಕೊಂಡ್ರು. ಕೊನೇ ಮೆಟ್ಟಿಲಿಗೆ ಬಂದು ನಿಂತುಬಿಟ್ಲು. ದೇವರು ನನ್ನ ಮಗುವನ್ನ ತಗೊಂಡಿದ್ದು ಸರಿ ಅಂತ ನನಗಿನ್ನೂ ಅನ್ನಿಸಿಲ್ಲ, ಇನ್ನೂ ಕೋಪ ಇದೆ ಅಂದ್ಲು. ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು. ಎಷ್ಟು ಜನ ಹೇಳಿಲ್ಲ… ಗೂಚ್ ಪಾದ್ರಿಗಳು ಆಕ್ಷೇಪ ಕೇಳೋ ತನಕ ಹೋಗ್ಲೇ ಇಲ್ಲ. ಹೆರಿಗೆ ಆಗ್ಲಿ ಮಗಳೇ, ಹೃದಯ ಇನ್ನೂ ಮೆತ್ತಗಾಗ್ಲಿ, ಆಮೇಲೆ ಬಾ ಅಂತ ಕೂರಿಸಿದ್ರು.

"ಹೆರಿಗೆ ಆಯ್ತು. ಅವಳು ಉಳೀಲಿಲ್ಲ.

"ನಮ್ಮಲ್ಲಿ ಯಾರು ಸತ್ರೂ ಮಣ್ಣು ಮಾಡುವಾಗ ಪ್ರಾರ್ಥನೆ ಇಲ್ಲ, ಪ್ರಸಂಗ ಇಲ್ಲ, ಅದೇ ಪದ್ಧತಿಯಂತೆ ಹೆಪ್ಪುಗಟ್ಟಿದ ನೆಲ ಒಡೆದು ಇಳಿಸಿ ಬಂದ್ವಿ. ಗುಣಿ ತೋಡಿದವರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳ್ತಿದೀನಿ, ಅವಳನ್ನ ಇಳಿಸಿದ್ದು ನನಗೆ ಚೆನ್ನಾಗಿ ಗೊತ್ತು. ಮಗು ಮಾತ್ರ ಉಳೀತು. ಹೆಣ್ಣು. ಕೈಯಲ್ಲಿ ಹಿಡಿದ್ರೆ ಬರೀ ಬಟ್ಟೆ ಹಿಡಿದಂಗಿತ್ತು. ರೂಬೆನ್ ಪಾದ್ರಿಗಳ ಕಾಲು ಹಿಡಿಯೋದೊಂದು ಬಾಕಿ. ಇದೂ ಹೋಗೋದ್ರೊಳಗೆ ಒಂದು ಹನಿ ನೀರು ಹಾಕಿ ಅಂದ. ಆಗಲ್ಲ ಅಂದ್ರು. ಕೆಟ್ಟ ಮನುಷ್ಯರಲ್ಲ ಅವರು, ಆಗಲ್ಲ ಅಂದ ರಾತ್ರಿ ಊಟ ಬಿಟ್ಟಿದ್ರಂತೆ… ಆದ್ರೆ ನಿಯಮ ನಿಯಮಾನೇ. ರೂಬೆನ್ ಪ್ರತಿ ಭಾನುವಾರ, ಸಬ್ಬತ್ತಿನ ಆರಾಧನೆಗೆ, ಮಗುವನ್ನ ಕಂಬಳೀಲಿ ಸುತ್ಕೊಂಡು ಬಂದು ಬಾಗಿಲ ಹತ್ರ ನಿಲ್ಲೋನು. ಒಳಗೆ ಬಾ ಅಂದ್ರೂ ಬರ್ತಿರ್ಲಿಲ್ಲ.

"ಒಂದು ಸಬ್ಬತ್ತು, ಮಧ್ಯಾಹ್ನದ ಹೊತ್ತು. ಒಳಗೆ ಒಲೆ ಇಲ್ಲ, ಚಳಿಗೆ ಎಲ್ಲರ ಬಾಯಿಂದ್ಲೂ ಉಸಿರು ಹೊಗೆಯಾಗಿ ಏಳ್ತಿತ್ತು; ಪಾದ್ರಿಗಳು ನರಕದ ಬೆಂಕಿ ಬಗ್ಗೆ ಹೇಳ್ತಿದ್ರೆ ಕೆಲವರಿಗೆ ಆಸೆ ಆಗ್ತಿತ್ತು. ಪ್ರಸಂಗ ಮುಗೀತು. ಇವತ್ತು ಸಾಕ್ಷಿ ಹೇಳೋರು ಯಾರಾದ್ರೂ ಇದ್ದೀರಾ ಅಂತ ಕೇಳಿದ್ರು. ಹೆಂಗಸರ ಕಡೆ ಒಬ್ಬಳು ಎದ್ದಳು.

"ನಿದ್ದೆಗಣ್ಣಲ್ಲಿ ಯಾರೋ ಎದ್ದಿದಾರೆ ಅಂತ ನಾನು ನರಿಬಾಲ ಮುಂದೆ ಮಾಡ್ಕೊಂಡು ಎರಡು ಹೆಜ್ಜೆ ಇಟ್ಟೆ… ಅಲ್ಲೇ ನಿಂತೆ. ಬೂದು ಮೇಲಂಗಿ. ಅದನ್ನ ನಾವೇ ಅವಳ ಜೊತೆ ಮಣ್ಣು ಮಾಡಿದ್ವಿ. ಮಾತು ಶುರು ಮಾಡಿದ್ಲು, ಬಾಯಿಂದ ಹೊಗೆ ಬರ್ಲಿಲ್ಲ."

ಕೊಟ್ಟಿಗೆಯಲ್ಲಿ ತೆನೆ ಸುಲಿಯುವ ಸದ್ದು ನಿಂತಿತ್ತು. ಅಜ್ಜ ಡಾರ್ಕಸಳ ಮಾತನ್ನು ಅನುಕರಿಸಲು ಹೋಗಲಿಲ್ಲ. ತನ್ನದೇ ದನಿಯಲ್ಲಿ, ಮೆಲ್ಲಗೆ ಹೇಳಿದ.

"'ಹೋದ್ಸಲ ಅರ್ಧಕ್ಕೆ ಕೂರಿಸಿದ್ರಿ, ಮುಗಿಸೋಕೆ ಬಂದೆ. ನನಗಿನ್ನೂ ಕೋಪ ಇದೆ. ಅಲ್ಲೂ ಇದನ್ನೇ ಹೇಳ್ದೆ. ಅಲ್ಲಿ ಯಾರೂ ನನ್ನನ್ನ ಹೊರಗೆ ನಿಲ್ಲಿಸ್ಲಿಲ್ಲ.'

"ಅಷ್ಟೇ ಅಂದಿದ್ದು. ನಿಂತೇ ಇದ್ಲು. ಪಾದ್ರಿಗಳ ಮುಖ ಸುಣ್ಣ. ಆದ್ರೆ ಬಾಯಿಗೆ ಅಭ್ಯಾಸ ಅಂತ ಒಂದಿದೆಯಲ್ಲ… ಸಾಕ್ಷಿ ಮುಗಿದ ಮೇಲೆ ಏನು ಕೇಳ್ತಿದ್ರೋ ಅದನ್ನೇ ಕೇಳಿಬಿಟ್ರು. ಆಕ್ಷೇಪ ಇದ್ದವರು ಈಗಲೇ ಹೇಳಿ.

"ಯಾರು ಹೇಳ್ತಾರೆ? ಪಾದ್ರಿಗಳ ಕೈಕೆಳಗೆ ಸಭೆಯ ಕೆಲಸ ನೋಡ್ಕೊಳ್ಳೋ ಡೀಕನ್ ಟಾಪ್ಲಿಫ್ ಅಂತ ಇದ್ದ, ಕೋಳಿ ಸಬ್ಬತ್ತಿನ ದಿನ ಮೊಟ್ಟೆ ಇಟ್ರೂ ಆಕ್ಷೇಪ ಎತ್ತೋನು. ಅವನ ಬಾಯಿ ತೆರೆದಿತ್ತು, ಸದ್ದಿಲ್ಲ. ಇಡೀ ಮಂದಿರ ಗಪ್‌ಚುಪ್. ಬೇಕಾದಷ್ಟು ಹೊತ್ತು ಕಳೀತು. ಆಮೇಲೆ ಪಾದ್ರಿಗಳು, 'ಸಭೆ ಒಪ್ಪಿದೆ' ಅಂದ್ರು. ಅದೊಂದು ಮಾತು ಮಾತ್ರ ಮೂಗಿಂದ ಬರ್ಲಿಲ್ಲ ಕಣ್ರೋ, ಎದೆಯಿಂದ ಬಂತು.

"ಆಗ ರೂಬೆನ್ ಬಾಗಿಲು ಬಿಟ್ಟು ಒಳಗೆ ನಡೆದು ಬಂದ. ಬೋಗುಣೀಲಿ ನೀರು ಹೆಪ್ಪುಗಟ್ಟಿತ್ತು, ನನ್ನ ಕೋಲಿನ ಗಂಟಿಂದ ನಾನೇ ಒಡೆದೆ. ಮಗುವಿನ ಹೆಸರೇನು ಅಂತ ಪಾದ್ರಿಗಳು ಕೇಳಿದ್ರು. ರೂಬೆನ್ ಇನ್ನೂ ಮಗುವಿನ ಕಂಬಳಿ ಬಿಚ್ತಾನೇ ಇದ್ದ. ಕೆಟೂರಾ, ಅಂತ ಹೆಂಗಸರ ಕಡೆಯಿಂದ ಬಂತು. ನೀರು ಬಿದ್ದಾಗ ಮಗು ಚೀರಿದ್ದು ನೋಡ್ಬೇಕಿತ್ತು, ಅಷ್ಟು ಜೀವ ಅದರಲ್ಲಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ತಿರುಗಿ ನೋಡಿದ್ರೆ, ಆ ಜಾಗದಲ್ಲಿ ಯಾರೂ ಇಲ್ಲ."

ಮರುದಿನ ಟಾಪ್ಲಿಫ್ ಪಾದ್ರಿಗಳ ಮನೆಗೆ ಹೋಗಿ, ಈ ಒಪ್ಪಿಗೆ ಊರ್ಜಿತವಲ್ಲ, ನಾವು ಸುಮ್ಮನಿದ್ದದ್ದು ಒಪ್ಪಿ ಅಲ್ಲ, ಹೆದರಿ ಎಂದು ವಾದಿಸಿದನಂತೆ. ಗೂಚ್ ಪಾದ್ರಿಗಳು, ಯಾರು ಯಾಕೆ ಸುಮ್ಮನಿದ್ದರೆಂದು ಕೆದಕುತ್ತ ಹೋದರೆ ಸಭೆಯಲ್ಲಿ ಅರ್ಧ ಜನವೂ ಉಳಿಯುವುದಿಲ್ಲ, ನಿಮ್ಮಿಂದಲೇ ಶುರು ಮಾಡೋಣವೇ ಎಂದರಂತೆ. ಟಾಪ್ಲಿಫ್ ಟೋಪಿ ತೆಗೆದುಕೊಂಡು ಎದ್ದನಂತೆ.

"ಮಗು ಏನಾಯ್ತು?" ಸೆತ್ ಕೇಳಿದ.

"ಬೆಳೀತು, ಮದ್ವೆ ಆಯ್ತು, ಕನೆಕ್ಟಿಕಟ್ ಕಡೆ ಹೋಯ್ತು. ಮಾತು ಮಾತ್ರ ಅಮ್ಮನ್ದೇ, ಗಂಡನನ್ನ ಕೇಳು."

"ಅಮ್ಮ?"

"ಅವಳೆಲ್ಲಿಗೆ ಹೋಗ್ತಾಳೋ? ಸಭೆಯಿಂದ ಹೊರಗೆ ಹೋಗೋಕೆ ಇರೋದೇ ಮೂರು ದಾರಿ. ಬೇರೆ ಊರಿನ ಸಭೆಗೆ ಹೋಗ್ಬೇಕು, ಇಲ್ಲ ತಪ್ಪು ಮಾಡಿ ಬಹಿಷ್ಕಾರ ಹಾಕಿಸ್ಕೋಬೇಕು, ಇಲ್ಲ ಸಾಯ್ಬೇಕು. ಅವಳು ಊರು ಬಿಟ್ಟಿಲ್ಲ. ತಪ್ಪೇನೂ ಮಾಡಿಲ್ಲ. ಸಾಯೋ ಕೆಲಸಾನ ಸೇರೋಕೆ ಮುಂಚೇನೇ ಮುಗಿಸಿದ್ಲು… ಇನ್ನು ಹೇಗೆ ಬಿಡಿಸ್ತೀಯ? ಅದಕ್ಕೇ ಟ್ಯಾಮ್ಸಿನ್, ಆಕ್ಷೇಪ ಕೇಳಿ ಅಷ್ಟು ಹೊತ್ತು ಕಾಯೋದು. ಎಲ್ಲ ಸದಸ್ಯರಿಗೂ ಸಮಯ ಕೊಡ್ಬೇಕಲ್ವಾ?"

ಸೆತ್ ನಕ್ಕ. ಬೇರೆಯವರೂ ನಗಲು ನೋಡಿದರು. ಯಾರೋ ಮತ್ತೆ ತೆನೆಗೆ ಕೈ ಹಾಕಿದರು.

ಅಜ್ಜ ಟ್ಯಾಮ್ಸಿನ್ ಕಡೆ ತಿರುಗಿ, ಏನೋ ಸಣ್ಣಪುಟ್ಟದ್ದು ಕೇಳುವವನಂತೆ, ಮಂದಿರದಲ್ಲಿ ಅವಳಿಗೆ ಯಾವ ಜಾಗ ಕೊಟ್ಟಿದ್ದಾರೆಂದು ವಿಚಾರಿಸಿದ. ಮೂರನೇ ಬೆಂಚು, ಆ ಕಡೆಯ ಕೊನೆ ಎಂದಳು ಅವಳು.

"ಹೋದ ತಿಂಗಳು ಕರ್ತನ ಭೋಜನದಲ್ಲಿ, ಸಭೆಗೆ ಸೇರಿದವರ ನಡುವೆ ಮಾತ್ರ ಸುತ್ತೋ ದ್ರಾಕ್ಷಾರಸದ ಬಟ್ಟಲು ನಿನ್ನ ತನಕ ಬಂತಲ್ಲ. ಕುಡಿದು ಏನು ಮಾಡ್ದೆ?"

"ಏನು ಮಾಡ್ಲಿ ಅಜ್ಜ, ಎಲ್ಲರ ಹಾಗೆ ಪಕ್ಕದವರಿಗೆ ಕೊಟ್ಟೆ."

"ಯಾರಿಗೆ?"

"ಮುಖ ನೋಡ್ಲಿಲ್ಲ. ತಲೆ ತಗ್ಗಿಸಿರ್ತೀವಲ್ಲ. ಕೈ ಚಾಚಿದ್ರು, ಕೊಟ್ಟೆ." ಟ್ಯಾಮ್ಸಿನ್ ತನ್ನ ಬೆರಳುಗಳನ್ನು ಒಮ್ಮೆ ಉಜ್ಜಿಕೊಂಡಳು. "ಪಾಪ, ತುಂಬಾ ತಣ್ಣಗಿತ್ತು ಆ ಕೈ."

"ಹೌದಾ" ಎಂದ ಅಜ್ಜ, ದೀಪ ದೊಡ್ಡದು ಮಾಡುತ್ತ. "ನಿನ್ನ ಆ ಪಕ್ಕ ಇರೋದು ಗೋಡೆ ಕಣಮ್ಮ."