ಸೊಟ್ಟ ಅಕ್ಷರದ ಬೋರ್ಡು

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಬಾಗಲವಾಡದ ಬಸ್ಸಿಗೆ ಕಾದು ಸುಸ್ತಾಗಿದ್ದ ಅಯ್ಯಮ್ಮನ ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ, ಬೀಜದಂಗಡಿಯ ಯಂಕಣ್ಣ ಬೋರ್ಡು ಬರೆಯುವ ಕುತುಬುದ್ದೀನನನ್ನು ಹಿಡಿದು ನಿಲ್ಲಿಸಿದ.

"ಕುತುಬಣ್ಣಾ, ಹಳೇ ಬೋರ್ಡಿನಂಗ ಇನ್ನೊಂದು ಬರ್ದು ಕೊಡು."

"ಯಾಕ್ರೀ ಸಾವ್ಕಾರ? ನನ್ನ ಅಕ್ಷರ ಕುಡುದವರಂಗ ನಿಂತಾವ ಅಂತ ಬಜಾರದಾಗ ನಕ್ಕು, ರಾಯಚೂರಿಂದ ಹೊಸಾದು ಬರೆಸಿ ತಂದ್ರಲ್ಲ?"

"ತಂದು ಕೆಟ್ಟೆ. ಬೀಜಕ್ಕ ಬರೋ ಕುರ್ಡಿ ಊರಿನ ಮಂದಿಗೆ ಓದಾಕ ಎಲ್ಲಿ ಬರ್ತದ? ನಿನ್ನ ಸೊಟ್ಟ ಅಕ್ಷರ ನೋಡೇ ಅಂಗಡಿ ಗುರ್ತು ಹಿಡೀತಿದ್ರು. ಈಗ ಮುಂದಿನ ಅಂಗಡಿಗೆ ಹೊಂಟಾರ."

"ಅವತ್ತಿಂದ ಬ್ರಶ್ ಮುಟ್ಟಿಲ್ರಿ. ಕೈ ನಡುಗತಾವ."

"ನಡುಗಲಿ ಬಿಡೋ, ಇನ್ನಷ್ಟು ಛಲೋ ಸೊಟ್ಟ ಬರ್ತಾವ!"

ಕುತುಬುದ್ದೀನ ನಗಲಿಲ್ಲ.

"ಬರೀತೀನಿ. ನಿಚ್ಚಣಿಕಿ ಮಾತ್ರ ನೀವ ಹಿಡ್ಕೊಂಡು ನಿಲ್ಲಬೇಕು. ಅದೇ ಬಜಾರದಾಗ, ಎಲ್ಲಾರೂ ನೋಡಂಗ."

ಯಂಕಣ್ಣ ಅತ್ತಿತ್ತ ನೋಡಿ, ರುಮಾಲು ಬಿಗಿದುಕೊಂಡು, "ನಡಿಯಪ್ಪಾ" ಎಂದ. ಇಬ್ಬರೂ ಬಜಾರದ ಕಡೆ ಹೊರಟರು.